ದುರ್ಬೀನು ಕಟ್ಟೆಯ ಅತ್ತಿಗೆ

ಸಭೆಯ ಕೋಣೆಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಮೂಡಿದ ಚಿತ್ರದಲ್ಲಿ ಒಣಗಲು ಹಾಕಿದ್ದ ಹಸಿರು ಸೀರೆಯನ್ನು ವೈಜಯಂತಿ ಒಂದೇ ನೋಟಕ್ಕೆ ಗುರುತು ಹಿಡಿದಳು. ದೆಹಲಿಯ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಅದನ್ನು ಕೊಂಡವಳು ಅವಳೇ, ಊರಿಗೆ ಪಾರ್ಸೆಲ್ ಮಾಡಿದವಳೂ ಅವಳೇ. ಸೀರೆ ಅವಳ ಅತ್ತಿಗೆ ಶಾರದಾಳದು. ಅದು ಜೋತುಬಿದ್ದಿದ್ದ ಹಗ್ಗದ ಹಿಂದೆ ಕಾಣುತ್ತಿದ್ದದ್ದು ಅವಳ ಊರಿನ ಗುಡ್ಡದ ಮೇಲಿನ ದುರ್ಬೀನು ಕಟ್ಟೆ.

ಅದು ಎರಡು ಸಾವಿರದ ಒಂಬತ್ತರ ಏಪ್ರಿಲ್. ಹಿಂದಿನ ನವೆಂಬರಿನಲ್ಲಿ ಸಮುದ್ರದ ದಾರಿಯಿಂದ ಬಂದವರು ಮುಂಬೈಯಲ್ಲಿ ನಡೆಸಿದ ದಾಳಿಯ ನಂತರ ದೆಹಲಿಯ ಕಚೇರಿಗಳಲ್ಲೆಲ್ಲ ಕರಾವಳಿ ಕಾವಲಿನದೇ ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಡಲ ದಂಡೆಯ ಗುಡ್ಡಗಳ ಮೇಲೆ ಕಾವಲು ಗೋಪುರಗಳನ್ನು ಕಟ್ಟಿಸಿದ್ದರಲ್ಲ, ಅವುಗಳಲ್ಲಿ ರಿಪೇರಿಗೆ ಬರುವಂಥವು ಇವೆಯೇ ನೋಡಿ ಎಂದು ಮೇಲಿನವರು ಯಾರೋ ಸೂಚಿಸಿದ್ದರು. ರಾಜ್ಯಗಳಿಂದ ಫೋಟೋಗಳು ಬಂದವು. ಅವನ್ನು ಒಟ್ಟುಮಾಡಿ ಸಭೆಗೆ ಅಣಿಗೊಳಿಸುವ ಕೆಲಸ ಸೆಕ್ಷನ್ ಆಫೀಸರ್ ಆಗಿದ್ದ ವೈಜಯಂತಿಯ ಪಾಲಿಗೆ ಬಂದಿತ್ತು. ಆದರೆ ಕರ್ನಾಟಕದ ಫೋಟೋಗಳು ಆ ಬೆಳಿಗ್ಗೆಯಷ್ಟೇ ಬಂದಿದ್ದವು. ಅವನ್ನು ಅವಳು ಬಿಚ್ಚಿ ನೋಡಿಯೇ ಇರಲಿಲ್ಲ.

"ಯೇ ದೇಖಿಯೇ, ಇದು ನೋಡಿ, ಇಲ್ಲಿ ಯಾರೋ ಸಂಸಾರ ಹೂಡಿದ್ದಾರೆ," ಎಂದರು ನಿರ್ದೇಶಕ ಮಾಥುರ್ ಸಾಹೇಬರು. ಮೇಜಿನ ಸುತ್ತ ಇದ್ದವರು ನಕ್ಕರು.

"ಸಮುದ್ರದ ಕಡೆಯ ಕಿಂಡಿಗಳನ್ನೆಲ್ಲ ಕಲ್ಲು ತುಂಬಿ ಮುಚ್ಚಿಬಿಟ್ಟಿದ್ದಾರೆ ಸರ್," ಎಂದ ಪಕ್ಕದಲ್ಲಿದ್ದ ಇಂಜಿನಿಯರ್. "ಕಾವಲು ಗೋಪುರಕ್ಕೆ ಕಣ್ಣೇ ಇಲ್ಲ."

"ವೈಜಯಂತಿಜೀ, ನೀವು ಆ ಕಡೆಯವರೇ ಅಲ್ಲವೇ? ಈ ಜಾಗ ಗೊತ್ತೇನು?"

"ಗೊತ್ತು ಸರ್. ನಮ್ಮೂರಿಗೆ ಹತ್ತಿರ," ಎಂದಳು ವೈಜಯಂತಿ. ಮುಂದಿನ ಚಿತ್ರ ಬಂತು. ಅದು ಗುಜರಾತಿನದು. ಸಭೆ ಮುಗಿಯುವವರೆಗೂ ಅವಳು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕೂತಿದ್ದಳು.

ಅವಳ ಊರು ಕೋಡಿಗುಡ್ಡ, ಕಾರವಾರದಿಂದ ದಕ್ಷಿಣಕ್ಕೆ ಇರುವ ಮೀನುಗಾರರ ಹಳ್ಳಿ. ಯುದ್ಧದ ವರ್ಷಗಳಲ್ಲಿ ಅಲ್ಲಿ ಬಿಳಿ ಸೋಲ್ಜರುಗಳು ದುರ್ಬೀನು ಹಿಡಿದು ಜಪಾನಿನ ಹಡಗು ಬರುತ್ತದೋ ಎಂದು ಕಾದಿದ್ದರಂತೆ. ಹಡಗು ಬರಲಿಲ್ಲ. ಸೋಲ್ಜರುಗಳು ಊರಿನ ಕೋಳಿಮೊಟ್ಟೆಗಳನ್ನೆಲ್ಲ ಕೊಂಡು ತಿಂದು, ಯುದ್ಧ ಮುಗಿದ ಮೇಲೆ ಹೊರಟುಹೋದರು. ಅವರು ಬಿಟ್ಟುಹೋದ ಕೆಂಪು ಕಲ್ಲಿನ ದುಂಡು ಗೋಪುರಕ್ಕೆ ಊರವರು ದುರ್ಬೀನು ಕಟ್ಟೆ ಎಂದು ಹೆಸರಿಟ್ಟರು. ವೈಜಯಂತಿ ಚಿಕ್ಕವಳಿದ್ದಾಗ ಅಲ್ಲಿ ಆಡುಗಳು ಮಲಗುತ್ತಿದ್ದವು, ಇಸ್ಪೀಟು ಆಡುವವರು ಕೂರುತ್ತಿದ್ದರು. ಹೆಣ್ಣುಮಕ್ಕಳು ಆ ಕಡೆ ಹೋದರೆ ಬೈಗುಳ ಬೀಳುತ್ತಿತ್ತು.

ಅವಳ ಅಣ್ಣ, ಶಾರದಾಳ ಗಂಡ ನಾಗೇಶ ದೋಣಿ ಬಿಡುತ್ತಿದ್ದವನು. ಒಂದು ಆಗಸ್ಟಿನಲ್ಲಿ, ಮಳೆಗಾಲ ಇನ್ನೂ ಮುಗಿಯದಿದ್ದಾಗ, ಕಡಲಿಗಿಳಿದವನು ಹಿಂದಿರುಗಲಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಅದಾಗಿ ಎರಡು ಮಳೆಗಾಲ ಕಳೆಯುವುದರೊಳಗೆ ಕಡಲು ದಂಡೆಯನ್ನು ಕೊರೆಯುತ್ತ ಬಂದು ಮನೆಯ ಹಿಂಗೋಡೆಯನ್ನು ಕೆಡವಿತು, ಮರುವರ್ಷ ಉಳಿದದ್ದನ್ನೂ ನುಂಗಿತು. ಮಕ್ಕಳಿಲ್ಲದ ಶಾರದಾ ಪಾತ್ರೆ, ಚಾಪೆ, ಗಂಡನ ಒಂದು ಫೋಟೋ ಹೊತ್ತುಕೊಂಡು ಗುಡ್ಡ ಹತ್ತಿ ದುರ್ಬೀನು ಕಟ್ಟೆ ಸೇರಿದಳು. ಮಳೆಗಾಲ ಮುಗಿಯುವ ತನಕ ಎಂದುಕೊಂಡು ಹೋದವಳು ಅಲ್ಲೇ ಉಳಿದಳು. ಬೆಳಿಗ್ಗೆ ಬಂದರಿಗಿಳಿದು ಮೀನು ಕೊಳ್ಳುವುದು, ಉಪ್ಪು ಹಾಕಿ ಒಣಗಿಸುವುದು, ಸಂತೆಗೆ ಒಯ್ದು ಮಾರುವುದು, ಇದು ಅವಳ ಜೀವನವಾಯಿತು. ಮನೆ ಕಳೆದುಕೊಂಡವರಿಗೆ ಸರ್ಕಾರ ನಿವೇಶನ ಕೊಟ್ಟಾಗ ಅವಳೂ ಅರ್ಜಿ ಹಾಕಿದ್ದಳು. "ಈಗ ಎಲ್ಲಿ ವಾಸ? ಮನೆ ನಂಬರ್ ಏನು?" ಎಂದು ಕೇಳಿದರು. ಗೋಪುರಕ್ಕೆ ನಂಬರ್ ಇರಲಿಲ್ಲ. ನಂಬರ್ ಇಲ್ಲದ್ದು ಮನೆಯಲ್ಲ, ಮನೆಯಿಲ್ಲದವಳು ಊರಿನ ನಿವಾಸಿಯಲ್ಲ ಎಂದು ಅರ್ಜಿ ವಾಪಸು ಬಂತು. ದೆಹಲಿಗೆ ಬಂದುಬಿಡು ಎಂದು ವೈಜಯಂತಿ ಎಷ್ಟೋ ಸಲ ಕರೆದಿದ್ದಳು. ಶಾರದಾ ಹೂಂ ಅನ್ನುತ್ತಿದ್ದಳು, ಬರುತ್ತಿರಲಿಲ್ಲ.

ಆ ಸಂಜೆ ಚಾರ್ಟರ್ಡ್ ಬಸ್ಸು ಇಳಿದು ಕಿದ್ವಾಯಿ ನಗರದ ಕ್ವಾರ್ಟರ್ಸಿಗೆ ಬಂದವಳೇ ವೈಜಯಂತಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಜಗನ್ನಾಥ ಬೇರೊಂದು ಇಲಾಖೆಯಲ್ಲಿ ಅಕೌಂಟ್ಸ್ ನೋಡುವವನು. ಯಾವ ಮಾತನ್ನೂ ಎರಡು ಸಲ ತೂಗದೆ ಆಡುವವನಲ್ಲ.

"ನಾಳೆಯೇ ಹೋಗಿ ಮಾಥುರ್‌ಗೆ ಹೇಳಿಬಿಡು. ಅಲ್ಲಿರೋದು ನಮ್ಮ ಅತ್ತಿಗೆ, ಈ ಫೈಲು ನನಗೆ ಬೇಡ ಅಂತ."

"ಹೇಳಿದ್ರೆ ಏನಂದ್ಕೋತಾರೆ? ಆಫೀಸರಮ್ಮನ ಅತ್ತಿಗೆ ಸರ್ಕಾರಿ ಗೋಪುರ ಒತ್ತುವರಿ ಮಾಡ್ಕೊಂಡಿದಾಳೆ ಅಂತ ಇಡೀ ಮಹಡಿಗೆ ಗೊತ್ತಾಗ್ತದೆ."

"ಆಮೇಲೆ ಗೊತ್ತಾದ್ರೆ?"

ವೈಜಯಂತಿ ಬ್ಯಾಗು ಇಟ್ಟು ಅಡುಗೆಗೆ ತೊಡಗಿದಳು. ರಾತ್ರಿ ಊಟಕ್ಕೆ ಮುಂಚೆ ಶಾರದಾಳಿಗೆ ಫೋನ್ ಮಾಡಿದಳು.

"ಅತ್ತಿಗೆ, ಕಟ್ಟೆಗೆ ಯಾರಾದರೂ ಬಂದಿದ್ರಾ? ಫೋಟೋ ತೆಗೆದ್ರಾ?"

"ಬಂದಿದ್ರಪ್ಪ, ಇಬ್ಬರು. ಪ್ಯಾಂಟಿನವರು. ಮಜ್ಜಿಗೆ ಕೊಟ್ಟೆ, ಕುಡಿದು ಹೋದ್ರು."

"ಅವರು ಸರ್ಕಾರದವರು. ಕಟ್ಟೆ ವಾಪಸು ತಗೊಳ್ತಾರೆ. ಖಾಲಿ ಮಾಡಿ ಅಂತ ನೋಟಿಸು ಕೊಡ್ತಾರೆ, ಪೊಲೀಸರೂ ಬರಬಹುದು. ಅದಕ್ಕೆ ಮೊದಲೇ ನೀನು ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದುಬಿಡು. ಈ ಸಲ ನಾಳೆ ನಾಡಿದ್ದು ಅನ್ಬೇಡ."

"ಪೊಲೀಸರು ಬರ್ತಾರಾ?" ಎಂದಳು ಶಾರದಾ.

"ಬಂದ್ರೂ ಬಂದಾರು."

ಪೊಲೀಸರ ಮಾತು ವೈಜಯಂತಿ ಬೇಕೆಂದೇ ಸೇರಿಸಿದ್ದು. ಅತ್ತಿಗೆ ಬಂದುಬಿಟ್ಟರೆ ಗೋಪುರ ಖಾಲಿ, ಗೋಪುರ ಖಾಲಿಯಾದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಲೆಕ್ಕಾಚಾರ ಆಗಲೇ ಅವಳ ತಲೆಯೊಳಗೆ ನಡೆದಿತ್ತು. ಅದನ್ನು ಜಗನ್ನಾಥನಿಗೆ ಅವಳು ಹೇಳಲಿಲ್ಲ.

ಮೇ ತಿಂಗಳ ಮೊದಲ ವಾರ ಶಾರದಾ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ನಿಜಾಮುದ್ದೀನಿಗೆ ಬಂದಿಳಿದಳು. ಒಂದು ಟ್ರಂಕು, ಒಂದು ಚಾಪೆ ಸುರುಳಿ, ಬಾಯಿ ಹೊಲಿದ ಒಂದು ಗೋಣಿಚೀಲ. ಗೋಣಿಯಲ್ಲಿ ಏನಿದೆಯೆಂದು ಆಟೋದವನಿಗೂ ಗೊತ್ತಾಯಿತು. ಅವನು ದಾರಿಯುದ್ದಕ್ಕೂ ಮೂಗಿಗೆ ಟವೆಲ್ ಹಿಡಿದುಕೊಂಡೇ ಓಡಿಸಿದ. ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಒಣಮೀನು ಹರಡಿದ ಮೇಲೆ ಮೇಲಿನ ಮನೆಯ ಶರ್ಮಾ ಆಂಟಿ ಕೆಳಗಿಳಿದು ಬಂದರು.

"ಬೇಟಾ, ಕುಛ್ ಮರ್ ಗಯಾ ಹೈ ಕ್ಯಾ?" ಏನಾದರೂ ಸತ್ತುಬಿದ್ದಿದೆಯೇ ಎಂದು ಅವರು ಕೇಳಿದ್ದು ಬಾಗಿಲು ತೆರೆದ ಇಂಚರಾಳನ್ನು. ಇಂಚರಾ ವೈಜಯಂತಿಯ ಮಗಳು. ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದವಳು.

"ನಹೀಂ ಆಂಟಿ, ಊರಿಂದ ನಮ್ಮ ಅತ್ತೆ ಬಂದಿದ್ದಾರೆ," ಎಂದುಬಿಟ್ಟಳು ಅವಳು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ. ಒಳಗಿದ್ದ ಜಗನ್ನಾಥ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕ.

ಮೀನು ಡಬ್ಬಿ ಸೇರಿತು. ಶಾರದಾ ದೆಹಲಿಗೆ ಹೊಂದಿಕೊಳ್ಳಲು ನೋಡಿದಳು. ಐಎನ್‌ಎ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರೆ ಮಂಜುಗಡ್ಡೆಯ ಮೇಲಿದ್ದ ಬಂಗುಡೆಯ ಕಿವಿರು ಎತ್ತಿ ನೋಡಿ, "ಭಯ್ಯಾ, ಇದು ಸತ್ತು ಬಾಳ ದಿನ ಆಯ್ತಲ್ಲ," ಎಂದು ಕನ್ನಡದಲ್ಲೇ ಹೇಳಿದಳು. ಭಾಷೆ ತಿಳಿಯದ ಅಂಗಡಿಯವನು ಮೂರು ಬಂಗುಡೆ ತೂಗಿಕೊಟ್ಟ. ಮಧ್ಯಾಹ್ನದ ಬಿಸಿಲಿಗೆ ಕೂಲರಿನ ಮುಂದೆ ಕೂತು ಇಂಚರಾಳ ತಲೆ ಬಾಚುತ್ತಿದ್ದಳು. ಆದರೆ ದಿನ ಹೋದಂತೆ ಅವಳ ಮಾತು ಕಡಿಮೆಯಾಯಿತು. ಇಲ್ಲಿ ಮಾಡಲು ಕೆಲಸವಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ವೈಜಯಂತಿಗೆ ಒಂದು ಮಾತು ಬಹಳ ದಿನದಿಂದ ಕೇಳುವುದಿತ್ತು. ಸಭೆಯಲ್ಲಿ ಆ ಮುಚ್ಚಿದ ಕಿಂಡಿಗಳನ್ನು ನೋಡಿದಾಗಿನಿಂದ ಅವಳ ಮನಸ್ಸು ಅಣ್ಣನ ಕಡೆಗೇ ಹೋಗುತ್ತಿತ್ತು. ಗಂಡನನ್ನು ನುಂಗಿದ ಕಡಲನ್ನು ನೋಡಲಾರದೆ ಅತ್ತಿಗೆ ಆ ಕಲ್ಲುಗಳನ್ನಿಟ್ಟಿದ್ದಾಳೆ ಎಂದು ಅವಳು ತಿಳಿದಿದ್ದಳು. ಒಂದು ಭಾನುವಾರ ಇಬ್ಬರೂ ಕೊತ್ತಂಬರಿ ಬಿಡಿಸುತ್ತ ಕೂತಿದ್ದಾಗ ಕೇಳಿಯೇಬಿಟ್ಟಳು.

"ಅತ್ತಿಗೆ, ಕಡಲ ಕಡೆಯ ಕಿಂಡಿ ಯಾಕೆ ಮುಚ್ಚಿದೆ?"

"ಮುಚ್ಚದೆ? ಗಾಳಿ ಹೆಂಗೆ ಹೊಡೀತದೆ ಗೊತ್ತುಂಟಾ? ಮೊದಲನೇ ಮಳೆಗಾಲ ಅಕ್ಕಿ ಎಲ್ಲ ಒದ್ದೆ, ಬೆಂಕಿಪೊಟ್ಟಣ ಒದ್ದೆ. ಒಲೆ ಉರೀಲಿಕ್ಕೇ ಇಲ್ಲ."

"ಅಷ್ಟೇನಾ?"

"ಮತ್ತೇನು?" ಶಾರದಾ ಅವಳ ಮುಖ ನೋಡಿದಳು. ಅರ್ಥವಾಯಿತು. "ಓ, ನಿನ್ನಣ್ಣನ ವಿಚಾರವಾ? ಇಲ್ಲ ಮಾರಾಯ್ತಿ. ಕಡಲು ನೋಡದಿದ್ರೆ ನನ್ನ ಹೊಟ್ಟೆ ತುಂಬ್ತದಾ? ದಿನಾ ಬೆಳಿಗ್ಗೆ ಅದರ ಬಾಯಿಗೇ ಹೋಗಿ ನಿಲ್ತೇನಲ್ಲ. ನಿನ್ನಣ್ಣ ನೆನಪಾಗೋದು ಬೇರೆ ಕಡೆ. ಬಸ್ ಸ್ಟ್ಯಾಂಡಿನ ಗೂಡಂಗಡಿ ಹತ್ರ. ಅಲ್ಲಿ ಬೀಡಿ ಹಚ್ಕೊಂಡು ನಿಂತಿರ್ತಿದ್ದ. ಈಗಲೂ ಆ ಕಡೆ ಹೋದ್ರೆ ಒಂದ್ಸಲ ತಿರುಗಿ ನೋಡ್ತೇನೆ."

ಅವಳು ಮತ್ತೆ ಕೊತ್ತಂಬರಿಗೆ ಕೈ ಹಾಕಿದಳು. ವೈಜಯಂತಿ ಎದ್ದು ಅಡುಗೆಮನೆಗೆ ಹೋಗಿ ಲೋಟಕ್ಕೆ ನೀರು ಬಗ್ಗಿಸಿ, ಕುಡಿಯದೆ ನಿಂತಳು. ಅಣ್ಣ ಬೀಡಿ ಸೇದುತ್ತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅಷ್ಟು ಬೇಗ ಅವಳು ಊರು ಬಿಟ್ಟಿದ್ದಳು.

ಆ ವಾರವೇ ಕಚೇರಿಯಲ್ಲಿ ಮಾಥುರ್ ಸಾಹೇಬರು ಅವಳನ್ನು ಕರೆಸಿದರು. ಯಾವ ಗೋಪುರ ಖಾಲಿ ಇದೆ, ಯಾವುದರಲ್ಲಿ ಜನ ಇದ್ದಾರೆ ಎಂದು ಒಂದು ಟಿಪ್ಪಣಿ ಬರೆದುಕೊಡಲು ಹೇಳಿದರು. ಇಂಜಿನಿಯರುಗಳು ಸ್ಥಳಕ್ಕೆ ಹೋಗುವ ಮೊದಲು ಬೇಕು.

ವೈಜಯಂತಿ ತನ್ನ ಮೇಜಿಗೆ ಬಂದು ಕಂಪ್ಯೂಟರಿನಲ್ಲಿ ಟೈಪು ಮಾಡತೊಡಗಿದಳು. ಕೋಡಿಗುಡ್ಡದ ಸಾಲಿಗೆ ಬಂದಾಗ ಕೈ ನಿಂತಿತು. ಖಾಲಿ ಎಂದು ಬರೆದರೆ ಅದು ಸುಳ್ಳಲ್ಲ. ಅತ್ತಿಗೆ ಈಗ ತನ್ನ ಮನೆಯಲ್ಲೇ ಇದ್ದಾಳೆ. ಆದರೆ ಖಾಲಿ ಮಾಡಿಸಿದವಳು ತಾನು. ಅದನ್ನು ಬರೆಯುವವಳೂ ತಾನೇ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಇಂಥದ್ದಕ್ಕೆ ಕೈ ಹಾಕಿದವಳಲ್ಲ. ಚಹಾ ತರಿಸಿಕೊಂಡಳು, ಕುಡಿಯಲಿಲ್ಲ. ಆಮೇಲೆ ಎದ್ದು ಸಾಹೇಬರ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಸೀರೆ, ಫೋನು, ಪೊಲೀಸರ ಹೆದರಿಕೆ, ಎಲ್ಲವನ್ನೂ.

ಮಾಥುರ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏಪ್ರಿಲ್‌ನಲ್ಲೇ ಹೇಳಬೇಕಿತ್ತು."

"ಹೌದು ಸರ್."

"ಆ ಸಾಲು ಬಿಟ್ಟುಬಿಡಿ. ಕರ್ನಾಟಕದ ಭಾಗವನ್ನು ಬೇರೆಯವರಿಗೆ ಕೊಡ್ತೇನೆ." ಅಷ್ಟಕ್ಕೇ ಮುಗಿಯಿತು ಎಂದು ಅವಳು ತಿರುಗುವಷ್ಟರಲ್ಲಿ ಅವರೇ ಕೇಳಿದರು, "ಭಾಭಿಗೆ ಬೇರೆ ಮನೆ ಇದೆಯೇ?"

"ಇಲ್ಲ ಸರ್."

"ಮತ್ತೆ ಇಲ್ಲಿಗೆ ಯಾಕೆ ಕರೆಸಿದಿರಿ? ನಮ್ಮವರು ಹೋದಾಗ ಬೀಗ ಕಂಡರೆ 'ಯಾರೂ ಇಲ್ಲ' ಅಂತ ಬರೀತಾರೆ. ಅಲ್ಲಿಗೆ ಕಥೆ ಮುಗೀತು. ಇದ್ದವರಿಗಾದರೆ ಹೆಸರು ಹಾಕಿ ನೋಟಿಸು ಕೊಡಲೇಬೇಕು. ಈಕೆ ಇಂಥ ಕಡೆ ಇಷ್ಟು ವರ್ಷದಿಂದ ವಾಸವಿದ್ದಾಳೆ, ತೆರವು ಮಾಡಬೇಕು ಅಂತ. ಇಷ್ಟು ನಿಮಗೆ ಗೊತ್ತಿಲ್ಲವೇ?"

ಗೊತ್ತಿತ್ತು. ಬೇರೆಯವರ ವಿಷಯವಾಗಿದ್ದರೆ ಮೊದಲ ದಿನವೇ ಹೊಳೆಯುತ್ತಿತ್ತು. ಇಂಥ ಕಡೆ ವಾಸ ಎಂದು ಸರ್ಕಾರವೇ ಬರೆದು ಕೊಟ್ಟ ಒಂದು ಕಾಗದ ಇಲ್ಲದ್ದಕ್ಕೆ ತಾನೇ ಅತ್ತಿಗೆಗೆ ನಿವೇಶನ ಸಿಗದೇ ಹೋದದ್ದು? ಆ ಕಾಗದ ತಾನಾಗಿಯೇ ಗುಡ್ಡ ಹತ್ತಿ ಬರುವ ಹೊತ್ತಿಗೆ, ತನ್ನ ಮರ್ಯಾದೆ ಉಳಿಸಿಕೊಳ್ಳಲು ಅವಳನ್ನು ಹೆದರಿಸಿ ಬಾಗಿಲು ಹಾಕಿಸಿದ್ದಳು. ಮನೆಗೆ ಹೋಗುವ ಬಸ್ಸಿನಲ್ಲಿ ವೈಜಯಂತಿ ಕೂರಲು ಸೀಟು ಸಿಕ್ಕಿದರೂ ನಿಂತೇ ಹೋದಳು.

"ಅತ್ತಿಗೆ, ನೀನು ವಾಪಸು ಹೋಗಬೇಕು. ಆದಷ್ಟು ಬೇಗ," ಎಂದಳು ಒಳಗೆ ಬಂದವಳೇ.

ಶಾರದಾ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಲಿಲ್ಲ. "ಮೇಲಿನ ಮನೆಯವರು ಮತ್ತೆ ಏನಾದ್ರೂ ಅಂದ್ರಾ?"

"ಅಲ್ಲ ಅತ್ತಿಗೆ..."

"ಬಾ ಅಂದವಳೂ ನೀನೇ, ಹೋಗು ಅನ್ನೋಳೂ ನೀನೇ. ನಾನೇನು ಆಡಾ, ಕರೆದಾಗ ಬರಲಿಕ್ಕೆ, ಅಟ್ಟಿದಾಗ ಹೋಗಲಿಕ್ಕೆ?" ಅವಳ ದನಿ ಏರಲಿಲ್ಲ. ಅದಕ್ಕೇ ವೈಜಯಂತಿಗೆ ಹೆಚ್ಚು ನಾಟಿತು. "ಪೊಲೀಸರು ಬರ್ತಾರೆ ಅಂದೆ. ನಂಬಿ ಎಲ್ಲ ಬಿಟ್ಟು ಬಂದೆ. ಕೋಳಿ ಎರಡು ಇದ್ದವು, ಅವನ್ನೂ ಪಕ್ಕದ ಕೇರಿಯವಳಿಗೆ ಕೊಟ್ಟೆ."

ವೈಜಯಂತಿ ಅವಳ ಪಕ್ಕ ನೆಲದ ಮೇಲೆ ಕೂತಳು. "ಪೊಲೀಸರ ಮಾತು ನಾನು ಸೇರಿಸಿದ್ದು. ನೀನು ಬೇಗ ಹೊರಡಲಿ ಅಂತ. ಆಫೀಸಿನಲ್ಲಿ ನನಗೆ ನಾಚಿಕೆಯಾಗಿತ್ತು."

"ನಾನು ಕಟ್ಟೆಯಲ್ಲಿರೋದಕ್ಕಾ?"

"ಹೌದು."

ಶಾರದಾ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಅಂಚನ್ನು ಬಟ್ಟೆಯಿಂದ ಒತ್ತುತ್ತ ಹೋದಳು. ಬಾಗಿಲಲ್ಲಿ ಬಂದು ನಿಂತಿದ್ದ ಇಂಚರಾಳನ್ನು ಜಗನ್ನಾಥ ಮೆಲ್ಲಗೆ ಒಳಕೋಣೆಗೆ ಕರೆದುಕೊಂಡು ಹೋದ.

"ಈಗ ಯಾಕೆ ಹೋಗ್ಬೇಕು, ಅದು ಹೇಳು," ಎಂದಳು ಶಾರದಾ ಕೊನೆಗೆ.

ವೈಜಯಂತಿ ಬಿಡಿಸಿ ಹೇಳಿದಳು. ನೋಟಿಸು ಬಂದರೆ ಹೆದರಬಾರದು, ತೆಗೆದುಕೊಳ್ಳಬೇಕು. ಹೆಸರು ಸರಿಯಾಗಿ ಬರೆಸಬೇಕು, ಎಷ್ಟು ವರ್ಷದಿಂದ ಇದ್ದೀ ಎಂಬುದನ್ನೂ ಬರೆಸಬೇಕು. ಅದನ್ನು ಹಿಡಿದುಕೊಂಡು ಮತ್ತೆ ನಿವೇಶನಕ್ಕೆ ಅರ್ಜಿ ಹಾಕಬೇಕು. ಶಾರದಾ ಎರಡು ಸಲ ಕೇಳಿಸಿಕೊಂಡಳು.

"ಅಂದ್ರೆ, ಅಲ್ಲಿಂದ ಹೊರಗೆ ಹಾಕ್ತೇವೆ ಅಂತ ಬರೆದುಕೊಟ್ರೆ, ಅಲ್ಲಿದ್ದೆ ಅಂತ ಆಯ್ತು."

"ಹೌದು."

"ನಿಮ್ಮ ಸರ್ಕಾರಕ್ಕೆ ಹೊರಗೆ ಹಾಕುವಾಗ ಮಾತ್ರ ಕಣ್ಣು ಕಾಣ್ತದೆ," ಎಂದು ಶಾರದಾ ರೊಟ್ಟಿ ಮಗುಚಿದಳು. ಆಮೇಲೆ, "ಟಿಕೆಟ್ ಮಾಡ್ಸು," ಎಂದಳು.

ಬೇಸಿಗೆ ರಜೆಯ ಕಾಲ. ಯಾವ ರೈಲಿನಲ್ಲೂ ಜಾಗವಿರಲಿಲ್ಲ. ಜಗನ್ನಾಥ ಬೆಳಕು ಹರಿಯುವ ಮೊದಲೇ ಸರೋಜಿನಿ ನಗರದ ರಿಸರ್ವೇಶನ್ ಕೌಂಟರಿನ ಮುಂದೆ ಕ್ಯೂ ನಿಂತು ತತ್ಕಾಲ್‌ನಲ್ಲಿ ಒಂದು ಬರ್ತ್ ಹಿಡಿದ. ನಿಜಾಮುದ್ದೀನಿನ ಪ್ಲಾಟ್‌ಫಾರಮ್ಮಿನಲ್ಲಿ ರೈಲು ಹೊರಡುವ ಮುಂಚೆ ವೈಜಯಂತಿ ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಅತ್ತಿಗೆಯ ಕೈ ಹಿಡಿದುಕೊಂಡಳು. ಶಾರದಾ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಇಂಚರಾ ಮಾತ್ರ ರೈಲು ನಿಧಾನಕ್ಕೆ ಚಲಿಸುವಾಗ ಜೊತೆಗೆ ಓಡುತ್ತ, "ಅತ್ತೆ, ಪಹುಂಚ್ ಕೇ... ತಲುಪಿದ ಮೇಲೆ ಫೋನ್ ಮಾಡಿ, ಹಾಂ!" ಎಂದು ಕೂಗಿದಳು. ಅವಳಿಗೆ ಶಾರದಾ ಕೈ ಬೀಸಿದಳು.

ಇಂಜಿನಿಯರುಗಳು ಗುಡ್ಡ ಹತ್ತಿದ್ದು ಜೂನ್ ಮೊದಲಿಗೆ, ಮಳೆ ಹಿಡಿಯುವ ಮುಂಚೆ. ಆ ಸಂಜೆ ಶಾರದಾ ಫೋನ್ ಮಾಡಿದಳು. ಅವರು ಗೋಡೆ ತಟ್ಟಿ ನೋಡಿದರಂತೆ, ಬುಡದಿಂದ ತಲೆಯವರೆಗೆ ಬಿರುಕು ಬಿಟ್ಟಿದೆ, ರಿಪೇರಿಗೆ ಬರುವುದಿಲ್ಲ, ಇಲ್ಲಿರುವುದು ಅಪಾಯ ಎಂದರಂತೆ. ಬಾಯಲ್ಲಿ ಹೇಳಿ ಹೊರಟವರನ್ನು ಇವಳು ಅಡ್ಡಗಟ್ಟಿ ನಿಂತಳಂತೆ.

"ನೋಟಿಸು ಕೊಡಿ ಅಂದೆ. ಅವರಿಗೆ ನಗು. ನೋಟಿಸು ಅಂದ್ರೆ ಜನ ಓಡಿಹೋಗ್ತಾರೆ ಅಮ್ಮ, ನೀವು ಕೇಳಿ ತಗೊಳ್ತೀರಲ್ಲ ಅಂದ್ರು. ಕೊಡದಿದ್ರೆ ಬಿಡೋದಿಲ್ಲ ಅಂದೆ. ವಾರ ಬಿಟ್ಟು ಕಳಿಸ್ತೇವೆ ಅಂದಿದಾರೆ."

"ಕಳಿಸದಿದ್ರೆ ನನಗೆ ಹೇಳು."

"ನಿನಗೆ ಯಾಕೆ? ನಾನೇ ಹೋಗಿ ಕೂರ್ತೇನೆ ಅವರ ಆಫೀಸಿನ ಮುಂದೆ," ಎಂದು ಶಾರದಾ ಫೋನ್ ಇಟ್ಟಳು.

ನೋಟಿಸು ಬಂತು. ಹೆಸರು ತಪ್ಪಾಗಿತ್ತು. ಶಾರದಾ ಅದನ್ನು ಹಿಂದಕ್ಕೆ ಕೊಟ್ಟು ಸರಿ ಮಾಡಿಸಿಕೊಂಡಳು. ಆ ಮಳೆಗಾಲವನ್ನು ತನ್ನ ಕೋಳಿಗಳನ್ನು ಕೊಟ್ಟಿದ್ದ ಪಕ್ಕದ ಕೇರಿಯವಳ ಮನೆಯ ಜಗಲಿಯಲ್ಲಿ ಕಳೆದಳು. ನಿವೇಶನದ ಅರ್ಜಿ ಒಂದು ಸಲ ತಿರುಗಿ ಬಂತು, ಮತ್ತೊಂದು ಸಲ ಒಳಗೆ ಹೋಯಿತು. ವೈಜಯಂತಿ ದೆಹಲಿಯಿಂದ ಯಾರಿಗೂ ಫೋನ್ ಮಾಡಿಸಲಿಲ್ಲ. ಮಾಡಿಸುವ ಆಸೆ ಆಗಲಿಲ್ಲವೆಂದಲ್ಲ. ಅರ್ಜಿಯ ಮಾತುಗಳನ್ನು ಮಾತ್ರ ಫೋನಿನಲ್ಲಿ ಹೇಳಿಕೊಟ್ಟಳು, ಶಾರದಾ ಶಾಲೆಯ ಮಾಸ್ತರರ ಕೈಯಲ್ಲಿ ಬರೆಸಿದಳು. ಮುಂದಿನ ಬೇಸಿಗೆಗೆ ಹೆದ್ದಾರಿಯ ಹತ್ತಿರ, ಕಡಲು ಕಾಣದಷ್ಟು ಒಳಗೆ, ಅವಳಿಗೆ ಒಂದು ನಿವೇಶನ ಸಿಕ್ಕಿತು. ವರ್ಷ ತುಂಬುವಷ್ಟರಲ್ಲಿ ಸರ್ಕಾರದ ನೆರವಿನಿಂದ ಎರಡು ಕೋಣೆಯ ಮನೆಯೂ ಎದ್ದಿತು. ಗೃಹಪ್ರವೇಶಕ್ಕೆ ಹೋದ ವೈಜಯಂತಿಗೆ ಶಾರದಾ ಹೊಸ ಸೀರೆ ಉಡಿಸಿ, ಎಲೆ ಅಡಿಕೆ ಕೊಟ್ಟು, "ನಾಚಿಕೆ ಹೋಯ್ತಾ?" ಎಂದು ಎಲ್ಲರೆದುರು ಕೇಳಿದಳು. ವೈಜಯಂತಿಯ ಕಣ್ಣು ತುಂಬಿತು. ಉಳಿದವರಿಗೆ ಅದೇನೆಂದು ತಿಳಿಯಲಿಲ್ಲ, ಶಾರದಾ ಹೇಳಲೂ ಇಲ್ಲ.

ದುರ್ಬೀನು ಕಟ್ಟೆಗೆ ಮುಳ್ಳುತಂತಿ ಸುತ್ತಿದರು. ಪಕ್ಕದ ಗುಡ್ಡದ ಮೇಲೆ ಕಬ್ಬಿಣದ ಹೊಸ ಗೋಪುರ ನಿಂತಿತು. ಅಲ್ಲಿನ ಕಾವಲಿಗೆ ಬಿಜಾಪುರದ ಕಡೆಯ ಮಹಂತೇಶ್ ಎಂಬ ಪೊಲೀಸಿನವನು ಬಂದ. ಊರಲ್ಲಿ ಅವನಿಗೆ ಊಟದ ವ್ಯವಸ್ಥೆ ಇರಲಿಲ್ಲ. ಶಾರದಾಳೇ ಎರಡು ಹೊತ್ತು ಹಾಕತೊಡಗಿದಳು.

"ಪಾಪದವನು," ಎಂದು ಒಂದು ಭಾನುವಾರ ಫೋನಿನಲ್ಲಿ ಅವಳು ಹೇಳಿದಳು. "ಮೀನು ಮುಟ್ಟೋದಿಲ್ಲ, ಮೆಟ್ಟಿಲು ಹತ್ತಿದ್ರೆ ತಲೆ ತಿರುಗ್ತದೆ ಅಂತಾನೆ. ನಿನ್ನೆ ಬದನೇಕಾಯಿ ಪಲ್ಯ ಮಾಡಿಕೊಟ್ಟೆ, ಎರಡು ರೊಟ್ಟಿ ಜಾಸ್ತಿ ತಿಂದ. ಇರು, ಬಾಗಿಲಲ್ಲಿ ಬಂದು ನಿಂತಿದಾನೆ, ಬಡಿಸಿ ಬರ್ತೇನೆ."

ವೈಜಯಂತಿ ಫೋನ್ ಕಿವಿಗಿಟ್ಟುಕೊಂಡು ಕಾದಳು. ಆ ಕಡೆ ತಟ್ಟೆಯ ಸದ್ದು, ನಲ್ಲಿಯ ಸದ್ದು, "ಕೂತ್ಕೊಳಪ್ಪ" ಎನ್ನುವ ಅತ್ತಿಗೆಯ ದನಿ ಕೇಳಿಸುತ್ತಿತ್ತು.